ಕೆಳಮನೆಯ ಮಜ್ಜಿಗೆ

ಹೋದ ಮಳೆಗಾಲದಲ್ಲಿ ನಾವು ಆರು ಜನ ಗೆಳೆಯರು ಭಾನುವಾರ ಸಂಜೆ ಶಿವಮೊಗ್ಗದಲ್ಲಿ ಒಬ್ಬರ ಮನೆ ಮಹಡಿಯ ಮೇಲೆ ಸೇರಿ ನಾಟಕ ಓದುತ್ತಿದ್ದೆವು. ಆಡುವುದಕ್ಕಲ್ಲ, ಸುಮ್ಮನೆ ಓದುವುದಕ್ಕೆ. ಒಬ್ಬರು ಇಂಗ್ಲಿಷಿನಲ್ಲಿ ಓದುವುದು, ತೊಡಕು ಬಂದಲ್ಲಿ ಇನ್ನೊಬ್ಬರು ಅಲ್ಲೇ ಕನ್ನಡ ಮಾಡಿ ಹೇಳುವುದು. ಹಾಗೆ ಮೂರು ವಾರ ಹಿಡಿದು ಓದಿದ್ದು ಆರ್ಥರ್ ಮಿಲ್ಲರ್‌ನ ‘ದಿ ಕ್ರೂಸಿಬಲ್’. ಕ್ರೂಸಿಬಲ್ ಅಂದರೆ ಮೂಸೆ, ಅಕ್ಕಸಾಲಿಗ ಚಿನ್ನ ಕರಗಿಸುವ ಮೂಸೆ. ಓದಿ ಮುಗಿಸಿ ತಿಂಗಳುಗಳಾದರೂ ಅದು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸೇಲಂ, ನಮ್ಮ ಪಕ್ಕದ ತಮಿಳುನಾಡಿನದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದು. 1692ರಲ್ಲಿ ಅಲ್ಲಿ ಕೆಲವು ಹೆಣ್ಣುಮಕ್ಕಳಿಗೆ ಏನೋ ಆಯಿತು. ಕಿರುಚುವುದು, ಮೈ ಸೆಟೆಯುವುದು, ಮಂಕಾಗಿ ಮಲಗಿಬಿಡುವುದು. ವೈದ್ಯರಿಗೆ ಕಾರಣ ಸಿಗಲಿಲ್ಲ. ಇದು ಮಾಟ ಅಂದರು. ಮಾಡಿದವರು ಯಾರು ಅಂತ ಮಕ್ಕಳು ಒಂದೊಂದೇ ಹೆಸರು ಹೇಳತೊಡಗಿದರು. 150ಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಂತು. ಆ ವರ್ಷದ ಜೂನ್‌ನಿಂದ ಸೆಪ್ಟೆಂಬರ್ ಒಳಗೆ 19 ಜನರನ್ನು ಗಲ್ಲಿಗೇರಿಸಿದರು, ಅದರಲ್ಲಿ 14 ಹೆಂಗಸರು. ಎಂಬತ್ತು ದಾಟಿದ ಒಬ್ಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು.

ನಾಟಕದ ಮೂರನೇ ಅಂಕದಲ್ಲಿ ನ್ಯಾಯಾಲಯದ ದೃಶ್ಯ ಬರುತ್ತದೆ. ಮೇರಿ ವಾರನ್ ಎಂಬ ಹುಡುಗಿ ‘ನಾವು ಮಾಡಿದ್ದೆಲ್ಲ ನಟನೆ’ ಎಂದು ಒಪ್ಪಿಕೊಳ್ಳಲು ಬಂದಿರುತ್ತಾಳೆ. ಉಳಿದ ಹುಡುಗಿಯರಿಗೆ ತಟ್ಟನೆ ಜಂತಿಯ ಮೇಲೆ ಹಳದಿ ಹಕ್ಕಿ ಕಾಣುತ್ತದೆ. ಮೇರಿ ‘ನಿಲ್ಲಿಸ್ರೇ’ ಅಂದರೆ ಅವರೂ ‘ನಿಲ್ಲಿಸ್ರೇ’ ಅನ್ನುತ್ತಾರೆ. ಅವಳು ಏನು ಹೇಳಿದರೂ ಅದೇ ಮಾತು, ಅದೇ ದನಿ, ಅಷ್ಟೂ ಬಾಯಿಂದ ಒಟ್ಟಿಗೆ. ಕೊನೆಗೆ ಮೇರಿ ತಡೆಯಲಾರದೆ ಅವರ ಕಡೆಗೇ ಓಡಿ, ತನ್ನನ್ನು ಕರೆತಂದ ರೈತ ಪ್ರಾಕ್ಟರ್‌ನತ್ತ ಕೈ ತೋರಿಸಿ ‘ಇವನೇ ಸೈತಾನನ ಕಡೆಯವನು’ ಅನ್ನುತ್ತಾಳೆ.

ಈ ದೃಶ್ಯ ಓದುವಾಗ ನಮ್ಮಲ್ಲಿ ಯಾರೂ ನಗಲಿಲ್ಲ. ಮಲೆನಾಡಿನಲ್ಲಿ ಬೆಳೆದವರಿಗೆ ಮೈಮೇಲೆ ಬರುವುದು ಹೊಸದಲ್ಲ. ದರ್ಶನದ ಹೊತ್ತಿಗೆ ಗುಡಿಯ ಅಂಗಳದಲ್ಲಿ ಒಬ್ಬರಿಗೆ ಶುರುವಾದರೆ ಪಕ್ಕದಲ್ಲಿ ನಿಂತವರ ಮೈಯೂ ಕಂಪಿಸುವುದನ್ನು ನಾವು ನೋಡಿದ್ದೇವೆ. ಅದನ್ನೆಲ್ಲ ಸುಳ್ಳು ಅಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಮಿಲ್ಲರ್‌ಗೂ ಅದು ಗೊತ್ತಿತ್ತು ಅನ್ನಿಸುತ್ತದೆ. ಮೇರಿಯ ಬಾಯಲ್ಲಿ ಒಂದು ಕಡೆ ಹೇಳಿಸುತ್ತಾನೆ: ಭೂತ ಕಂಡ ಹಾಗೆ ಆಗಿತ್ತು, ಉಳಿದವರೆಲ್ಲ ಕಿರುಚುತ್ತಿದ್ದರಲ್ಲ, ನನಗೂ ಕಂಡಿತು ಅಂದುಕೊಂಡೆ ಅಂತ. ಮೈಮೇಲೆ ಬಂದದ್ದಕ್ಕಿಂತ ನನ್ನನ್ನು ಹೆದರಿಸುವುದು ಅದನ್ನು ಕಾಗದಕ್ಕಿಳಿಸಿ ಮೊಹರು ಒತ್ತುವ ನ್ಯಾಯಾಧೀಶ ಡ್ಯಾನ್‌ಫೋರ್ತ್. ಅವನು ಮೂರ್ಖನಲ್ಲ. ಅವನ ತರ್ಕ ಕೇಳಿ: ಮಾಟ ಕಣ್ಣಿಗೆ ಕಾಣದ ಅಪರಾಧ. ಅದಕ್ಕೆ ಸಾಕ್ಷಿ ಇಬ್ಬರೇ, ಮಾಡಿದವಳು ಮತ್ತು ಮಾಡಿಸಿಕೊಂಡವಳು. ಮಾಡಿದವಳು ತಾನೇ ಒಪ್ಪುವುದಿಲ್ಲ. ಆದ್ದರಿಂದ ನರಳುವವಳ ಮಾತನ್ನೇ ನಂಬಬೇಕು. ಎಲ್ಲಿ ಹಿಡಿದು ಎಳೆದರೂ ಎಳೆ ಬಿಚ್ಚುವುದಿಲ್ಲ. ತಪ್ಪೊಪ್ಪಿಕೊಂಡರೆ ಜೀವ ಉಳಿಯುತ್ತದೆ, ‘ನಾನು ಮಾಡಿಲ್ಲ’ ಅಂದರೆ ಗಲ್ಲು. ಆ ಕೋರ್ಟಿನಲ್ಲಿ ನಿಜ ಹೇಳುವವರಿಗೆ ಮಾತ್ರ ಸಾವು.

ಇದನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮೂರಿನ ಕೆಳಮನೆ.

ಕೆಳಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯ ಹಿಂದೆ ಅರ್ಧ ಎಕರೆ ಅಡಿಕೆ ತೋಟ, ಅದರ ತಲೆಯಲ್ಲಿ ಬೇಸಗೆಯಲ್ಲೂ ಬತ್ತದ ಒಂದು ಒರತೆ. ಊರಿನಲ್ಲಿ ಎಲ್ಲರೂ ಅವರನ್ನು ‘ಮದ್ದಿನಜ್ಜಿ’ ಅನ್ನುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಮದ್ದು ಹಾಕುವುದು ಅಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊಟದಲ್ಲೋ ಕಾಫಿಯಲ್ಲೋ ಏನನ್ನೋ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಅಂತ ನಂಬಿಕೆ. ಯಾವುದೋ ಮನೆಯ ಹುಡುಗ ಅವರಲ್ಲಿ ಅವಲಕ್ಕಿ ತಿಂದು ಬಂದ ಮೇಲೆ ತಿಂಗಳುಗಟ್ಟಲೆ ಹೊಟ್ಟೆನೋವು ಅಂತ ನರಳಿದನಂತೆ. ಮದ್ದು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಿ ಏನೋ ಕುಡಿಸಿ ಕಕ್ಕಿಸಿದರು. ಕಕ್ಕಿದ್ದರಲ್ಲಿ ಕೂದಲು ಸುತ್ತಿದ ಕಪ್ಪನೆಯ ಗಂಟು ಸಿಕ್ಕಿತು. ಮುಗಿಯಿತು. ನಾಟಕದಲ್ಲೂ ಹೀಗೆಯೇ. ಮೇರಿ ಕೊಟ್ಟ ಬಟ್ಟೆಯ ಬೊಂಬೆ ಪ್ರಾಕ್ಟರ್ ಹೆಂಡತಿ ಎಲಿಜಬೆತ್ ಮನೆಯಲ್ಲಿ ಸಿಗುತ್ತದೆ, ಅದರ ಹೊಟ್ಟೆಯಲ್ಲಿ ಸೂಜಿ. ಸೂಜಿ ಚುಚ್ಚಿಟ್ಟದ್ದು ತಾನೇ ಎಂದು ಮೇರಿ ಹೇಳಿದರೂ ಅದನ್ನು ಕೇಳುವ ತಾಳ್ಮೆ ಹಿಡಿಯಲು ಬಂದವರಿಗೆ ಇರುವುದಿಲ್ಲ.

ನನಗಾಗ ಎಂಟೊಂಬತ್ತು ವರ್ಷ. ಅಮ್ಮ ಯಾವುದಕ್ಕೋ ಕೆಳಮನೆಗೆ ಕಳಿಸಿದ್ದಳು. ‘ಹೋಗಿ ಬಾ, ಆದ್ರೆ ಅಲ್ಲಿ ಎಂತದೂ ಮುಟ್ಬೇಡ’ ಅಂತ ಹೇಳಿಯೇ ಕಳಿಸಿದ್ದು. ಬಿಸಿಲಲ್ಲಿ ಗುಡ್ಡ ಇಳಿದು ಬಂದಿದ್ದೆ. ಅಜ್ಜಿ ‘ಆಸ್ರಿಗೆ ಬೇಕನಾ’ ಅಂತ ಕೇಳಿ, ಉತ್ತರಕ್ಕೂ ಕಾಯದೆ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದಿಟ್ಟರು. ಮೇಲೆ ಕರಿಬೇವಿನ ಎಲೆ ತೇಲುತ್ತಿತ್ತು, ಇಂಗಿನ ಘಮ. ಬೆಲ್ಲ ತರಲು ಅವರು ಒಳಗೆ ಹೋದರು. ನಾನು ಲೋಟವನ್ನು ಜಗುಲಿಯ ಪಕ್ಕದ ದಾಸವಾಳದ ಬುಡಕ್ಕೆ ಸುರಿದೆ. ಅವರು ಬೆಲ್ಲದ ಚೂರು ಹಿಡಿದು ಬಂದು ಖಾಲಿ ಲೋಟ ನೋಡಿದರು. ಆಮೇಲೆ ದಾಸವಾಳದ ಬುಡ ನೋಡಿದರು, ಅಲ್ಲಿ ಬೆಳ್ಳಗೆ ಒದ್ದೆಯಾಗಿತ್ತು. ಏನೂ ಅನ್ನಲಿಲ್ಲ. ಬೆಲ್ಲವನ್ನು ನನ್ನ ಕೈಗೂ ಕೊಡಲಿಲ್ಲ, ಸುಮ್ಮನೆ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತರು.

2017ರಲ್ಲಿ ನಮ್ಮ ರಾಜ್ಯದಲ್ಲಿ ಅಮಾನವೀಯ ಪದ್ಧತಿ ಮತ್ತು ವಾಮಾಚಾರದ ವಿರುದ್ಧ ಕಾಯ್ದೆಯಾಯಿತು, 2020ರಲ್ಲಿ ಜಾರಿಗೆ ಬಂತು. ಬೇಕಾದ ಕಾಯ್ದೆಯೇ. ಆದರೆ ಮಜ್ಜಿಗೆ ಚೆಲ್ಲುವುದಕ್ಕೆ ಯಾವ ಸೆಕ್ಷನ್?

ಕಾರಣ ಕಾಣದ ಕಾಯಿಲೆ ನಮ್ಮ ಜಿಲ್ಲೆಗೂ ಬಂದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಜನಕ್ಕೆ ವಿಪರೀತ ಜ್ವರ. ಪುಣೆಯಿಂದ ವಿಜ್ಞಾನಿಗಳು ಬಂದು ಹುಡುಕಿದರು. ಸಿಕ್ಕಿದ್ದು ಒಂದು ವೈರಸ್, ಅದನ್ನು ಹರಡುವ ಉಣ್ಣೆ ಹುಳ. ಹುಡುಕುವವರು ಬರದೇ ಹೋಗಿದ್ದರೆ ಯಾವ ಯಾವ ಕೆಳಮನೆಗಳ ಹೆಸರು ಬರುತ್ತಿತ್ತೋ ಎಂದು ಯೋಚಿಸಿದರೆ ಭಯವಾಗುತ್ತದೆ.

ನಾಟಕಕ್ಕೆ ಬರುತ್ತೇನೆ. ಅದರ ಶಿಖರ ಪ್ರಾಕ್ಟರ್‌ನ ಕೊನೆಯ ದೃಶ್ಯ ಎಂದು ಎಲ್ಲರೂ ಹೇಳುತ್ತಾರೆ. ಜೀವ ಉಳಿಸಿಕೊಳ್ಳಲು ಸುಳ್ಳು ತಪ್ಪೊಪ್ಪಿಗೆಗೆ ಅವನು ಒಪ್ಪುತ್ತಾನೆ, ಆದರೆ ಬೇರೆಯವರ ಹೆಸರು ಹೇಳಲು ಒಲ್ಲೆ ಅನ್ನುತ್ತಾನೆ. ಸಹಿ ಹಾಕಿದ ಕಾಗದವನ್ನು ಚರ್ಚಿನ ಬಾಗಿಲಿಗೆ ಅಂಟಿಸುತ್ತಾರೆ ಎಂದು ತಿಳಿದಾಗ ಅದನ್ನೂ ಕೊಡುವುದಿಲ್ಲ. ಅದು ನನ್ನ ಹೆಸರು, ಬದುಕಿನಲ್ಲಿ ಇನ್ನೊಂದು ಹೆಸರು ನನಗೆ ಸಿಗುವುದಿಲ್ಲ ಅನ್ನುತ್ತಾನೆ. ಕಾಗದ ಹರಿದು ಗಲ್ಲಿಗೆ ನಡೆಯುತ್ತಾನೆ. ಇದನ್ನು ಬರೆದ ಮಿಲ್ಲರ್‌ನಿಗೆ ತನ್ನ ದೇಶದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದುದು ಕಣ್ಣ ಮುಂದಿತ್ತು. ನಾಟಕ ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ. ಮೂರು ವರ್ಷದ ಮೇಲೆ ಸಂಸತ್ತಿನ ಸಮಿತಿ ಅವನನ್ನೇ ಕರೆಸಿ ಹೆಸರು ಕೇಳಿತು. ಅವನು ಹೇಳಲಿಲ್ಲ. 1957ರಲ್ಲಿ ಅದಕ್ಕೆ ಶಿಕ್ಷೆಯಾಯಿತು, ಮರುವರ್ಷ ಮೇಲ್ಮನವಿಯಲ್ಲಿ ರದ್ದಾಯಿತು. ತಾನು ಬರೆದ ಪರೀಕ್ಷೆಗೆ ತಾನೇ ಕೂರಬೇಕಾಗಿ ಬಂದು, ಪಾತ್ರ ಕೊಟ್ಟ ಉತ್ತರವನ್ನೇ ಕೊಟ್ಟವನು. ಅವನ ಮೇಲೆ ನನಗೆ ತುಂಬ ಗೌರವವಿದೆ.

ಗೌರವ ಇದ್ದೂ ಒಂದು ತಕರಾರು. ಪ್ರಾಕ್ಟರ್‌ಗೆ ಉಳಿಸಿಕೊಳ್ಳಲು ಒಂದು ಹೆಸರಿತ್ತು. ಸೇಲಂನಲ್ಲಿ ಮೊದಲು ಹಿಡಿದದ್ದು ಯಾರನ್ನು? ಟಿಟೂಬಾ, ಕೊಂಡು ತಂದ ಗುಲಾಮಳು. ಸಾರಾ ಗುಡ್, ಭಿಕ್ಷೆ ಎತ್ತುತ್ತಿದ್ದವಳು. ಸಾರಾ ಆಸ್ಬೋರ್ನ್, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ, ಆಸ್ತಿ ವ್ಯಾಜ್ಯವಿದ್ದ ಹೆಂಗಸು. ಈ ಮೂವರ ಹೆಸರು ಬಂದಾಗ ಊರಿನಲ್ಲಿ ಯಾರಿಗೂ ಆಘಾತವಾಗಲಿಲ್ಲ. ‘ಅವಳೇ ಇರ್ಬೇಕು’ ಅನ್ನಿಸಿತು. ನಾಟಕವೂ ಹಾಗೆಯೇ ನಡೆಯುತ್ತದೆ. ಮೊದಲ ಅಂಕದಲ್ಲಿ ಟಿಟೂಬಾ ಹೆದರಿ ತಪ್ಪೊಪ್ಪಿಕೊಳ್ಳುತ್ತಾಳೆ, ಉಳಿದಿಬ್ಬರು ಬರೀ ಹೆಸರಾಗಿ ಬಂದು ಹೋಗುತ್ತಾರೆ, ಕೊನೆಯ ಅಂಕದಲ್ಲಿ ಜೈಲಿನ ಮೂಲೆಯಲ್ಲಿ ಟಿಟೂಬಾ ಮತ್ತು ಸಾರಾ ಗುಡ್ ಬುದ್ಧಿ ಕಲಕಿದವರಂತೆ ಕಾಣಿಸುತ್ತಾರೆ, ಅಷ್ಟೇ. ಊರು ಎಚ್ಚರಾಗುವುದು, ನೋಡುವ ನಮ್ಮ ಕರುಳು ಚುರುಕ್ಕೆನ್ನುವುದು, ರೆಬೆಕಾ ನರ್ಸ್‌ಳಂಥ ಮರ್ಯಾದಸ್ಥ ಮನೆಯವರ ಬಾಗಿಲಿಗೆ ಬಂದಾಗ. ಮೊದಲ ಮೂವರಿಗೆ ಊರು ಬಾಯಿ ಬಿಟ್ಟಿದ್ದರೆ ಮುಂದಿನವರ ತನಕ ಬರುತ್ತಲೇ ಇರಲಿಲ್ಲ.

ನಾಟಕದಲ್ಲಿ ಆ ಹುಡುಗಿಯರ ಮುಂದಾಳಾದ ಅಬಿಗೇಲ್ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಹೆಚ್ಚು. ನಿಜವಾದ ಅಬಿಗೇಲ್‌ಗೆ ಹನ್ನೊಂದೋ ಹನ್ನೆರಡೋ ವರ್ಷ, ನಿಜವಾದ ಪ್ರಾಕ್ಟರ್‌ಗೆ ಅರವತ್ತರ ಹತ್ತಿರ. ಮಿಲ್ಲರ್ ಅವಳನ್ನು ಹದಿನೇಳಕ್ಕೆ ಏರಿಸಿ, ಅವನನ್ನು ಮೂವತ್ತೈದರ ಆಸುಪಾಸಿಗೆ ಇಳಿಸಿ, ನಡುವೆ ಒಂದು ಸಂಬಂಧ ಇಟ್ಟ. ನಾಟಕಕಾರನಿಗೆ ಆ ಸ್ವಾತಂತ್ರ್ಯ ಇದೆ. ವಯಸ್ಸು ಏರಿಸಿದ್ದನ್ನು ಅವನು ಮುಚ್ಚಿಟ್ಟೂ ಇಲ್ಲ. ಆದರೆ ಫಲ ಏನಾಯಿತು? ಇಡೀ ಊರಿನ ಹೊಟ್ಟೆಕಿಚ್ಚು, ಜಮೀನಿನ ಆಸೆ, ಪಾದ್ರಿಯ ಅಧಿಕಾರದ ಹಸಿವು ಎಲ್ಲ ಹಿಂದೆ ಸರಿದು, ಒಬ್ಬ ಕೆಲಸದ ಹುಡುಗಿಯ ಕಾಮ ಮುಂದೆ ಬಂತು. ಮಾಟಗಾತಿ ಇಲ್ಲ ಎಂದು ಸಾರುವ ನಾಟಕದಲ್ಲೇ ಒಬ್ಬ ಮಾಟಗಾತಿ ಸೃಷ್ಟಿಯಾದಳು.

ಜಮೀನಿನ ಎಳೆ ನಾಟಕದಲ್ಲಿ ಇಲ್ಲವೆಂದಲ್ಲ. ಮುದುಕ ಜೈಲ್ಸ್ ಕೋರಿ ಕೋರ್ಟಿನಲ್ಲಿ ಎದ್ದು ನಿಂತು ನೇರ ಹೇಳುತ್ತಾನೆ: ಊರಿನ ಸಿರಿವಂತ ಪುಟ್ನಮ್ ನೆರೆಯವರ ಮೇಲೆ ಆರೋಪ ಹೊರಿಸುವುದು ಅವರ ಭೂಮಿಗಾಗಿ. ಗಲ್ಲಿಗೇರಿದವನ ಆಸ್ತಿ ಮುಟ್ಟುಗೋಲಾಗುತ್ತದೆ, ಕೊಳ್ಳುವ ದುಡ್ಡಿರುವುದು ಪುಟ್ನಮ್‌ಗೆ ಮಾತ್ರ. ಕೋರಿಯ ಮೇಲೇ ಆರೋಪ ಬಂದಾಗ ಅವನು ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಉತ್ತರ ಕೊಡದಿದ್ದರೆ ವಿಚಾರಣೆ ಇಲ್ಲ, ಜಮೀನು ಮಕ್ಕಳಿಗೆ ಉಳಿಯುತ್ತದೆ. ಬಾಯಿ ಬಿಡಿಸಲು ಎದೆಯ ಮೇಲೆ ಕಲ್ಲು ಹೇರುತ್ತಾರೆ. ಇನ್ನೂ ಹೇರಿ ಅನ್ನುತ್ತಾನೆ, ಸಾಯುತ್ತಾನೆ. ಇದನ್ನು ಮಿಲ್ಲರ್ ರಂಗದ ಮೇಲೆ ತೋರಿಸುವುದಿಲ್ಲ. ಎಲಿಜಬೆತ್ ಬಾಯಲ್ಲಿ ನಾಲ್ಕು ಮಾತಿನಲ್ಲಿ ಹೇಳಿಸುತ್ತಾನೆ. ಪ್ರಾಕ್ಟರ್‌ಗಿಂತ ಈ ಮುದುಕನೇ ನನಗೆ ದೊಡ್ಡವನಾಗಿ ಕಾಣುತ್ತಾನೆ. ಬೇಲಿ ಜಗಳವೇ ಮಾಟದ ಬೇರು ಅಂತ ಅವನೊಬ್ಬನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಆ ಅಂಕ ಓದಿದ ಮರುವಾರ ನಾನು ಊರಿಗೆ ಹೋಗಿದ್ದೆ. ಬ್ಯಾಂಕ್ ಸಾಲಕ್ಕೆ ಬೇಕೆಂದು ಅಪ್ಪ ಹಳೆಯ ಪಹಣಿಗಳನ್ನು ಹುಡುಕಿಸುತ್ತಿದ್ದರು. ಕೈಬರಹದ ಒಂದು ಪಹಣಿಯ 9ನೇ ಕಾಲಂನಲ್ಲಿ, ಮಾಲೀಕರ ಹೆಸರಿನ ಜಾಗದಲ್ಲಿ, ಒಂದು ಹೆಂಗಸಿನ ಹೆಸರಿತ್ತು, ‘ಕೋಂ’ ಎಂದು ಮುಂದೆ ಗಂಡನ ಹೆಸರು. ಯಾರು ಎಂದು ಕೇಳಿದೆ. ‘ಕೆಳಮನೆಯವ್ರು’ ಅಂದರು ಅಪ್ಪ.

ಅಷ್ಟು ವರ್ಷ ಪಕ್ಕದಲ್ಲಿದ್ದರೂ ಅವರಿಗೊಂದು ಹೆಸರಿತ್ತು ಎಂದು ನನಗೆ ಗೊತ್ತಾದದ್ದು ಅವತ್ತು. ಬಹಳ ಚೆಂದದ ಹೆಸರು. ಇಲ್ಲಿ ಬರೆಯುವುದಿಲ್ಲ, ಊರವರು ಯಾರಾದರೂ ಓದಿ ಅದಕ್ಕೂ ಮದ್ದು ಅಂಟಿಸುವುದು ಬೇಡ. ಆ ಹೆಸರಿಗೆ ಗೆರೆ ಹೊಡೆದಿತ್ತು, ಕೆಳಗೆ ಬರೆದದ್ದು ನಮ್ಮ ಅಜ್ಜನ ಹೆಸರು.

ಕ್ರಯಕ್ಕೇ ತಗೊಂಡದ್ದು ಅಂದರು ಅಪ್ಪ. ಎಷ್ಟಕ್ಕೆ ಎಂದು ಕೇಳಿದೆ. ‘ಹೆಚ್ಚೇನಿಲ್ಲ, ಬೇರೆ ಯಾರೂ ತಗಳ್ತಿರ್ಲಿಲ್ಲ, ಮದ್ದಿನ ತೋಟ ಅಂತ’ ಅಂದವರು ಅಲ್ಲಿಗೇ ಸುಮ್ಮನಾದರು. ಆ ಮಾತನ್ನು ಅಜ್ಜ ಹುಟ್ಟಿಸಿದರು ಅಂತ ನಾನು ಹೇಳುತ್ತಿಲ್ಲ. ಅಜ್ಜ ಯಾರ ಮೇಲೂ ಕೈ ತೋರಿಸಿದವರಲ್ಲ, ಒಳ್ಳೆಯವರು ಎಂದೇ ಊರಲ್ಲಿ ಹೆಸರು. ಆದರೆ ಅಜ್ಜ ಒಂದು ಸಲವಾದರೂ ಕೆಳಮನೆಯ ಜಗುಲಿಯ ಮೇಲೆ ಕೂತು ಎಲ್ಲರಿಗೂ ಕಾಣುವ ಹಾಗೆ ಒಂದು ಲೋಟ ಕಾಫಿ ಕುಡಿದಿದ್ದರೆ ಆ ಮಾತು ಅಲ್ಲಿಗೇ ಸಾಯುತ್ತಿತ್ತು. ಕುಡಿಯಲಿಲ್ಲ. ತೋಟ ಬಂತು.

ಕೆಳಮನೆ ಈಗಿಲ್ಲ, ಮಾಡು ಕುಸಿದು ಗೋಡೆಯ ಮೇಲೆ ಗಿಡ ಬೆಳೆದಿದೆ. ಒರತೆ ಇದೆ. ಹೋದ ವಾರ ಕೊನೆಗಾರರು ಬಂದಿದ್ದರು, ಆ ಅರ್ಧ ಎಕರೆಯ ಕೊಯ್ಲೂ ಮುಗಿಯಿತು. ಸುಲಿದ ಅಡಿಕೆ ನಮ್ಮ ಅಂಗಳದ ಅಟ್ಟದ ಮೇಲೆ ಒಣಗುತ್ತಿದೆ.