ತೇರು ತಿರುಗೋದನ್ನು ನೋಡದೆ ಬಂದ್ರಾ ಮೇಡಂ?

ಜಪಾನಿನ ಕ್ಯೋಟೋದ ಗಿಯೋನ್ ಹಬ್ಬಕ್ಕೆ ಒಬ್ಬರೇ ಹೋಗಿಬಂದ ನಿಮ್ಮ ಬರಹ ಇಷ್ಟವಾಯ್ತು. ಆದರೆ ಜುಲೈ 16ರ ಸಂಜೆ ಲಾಟೀನು ದೀಪ ನೋಡಿ, ಬೀದಿಯಲ್ಲಿ ತಿಂಡಿ ತಿಂದು ವಾಪಸ್ ಬಂದಿದ್ದೀರಿ. ಅಸಲಿ ಮಜಾ ಇರೋದು 17ರ ಬೆಳಗ್ಗೆಯ ತೇರುಗಳ ಮೆರವಣಿಗೆಯಲ್ಲಿ!

ನಾನೂ ಒಬ್ಬನೇ ಹೋಗಿದ್ದೆ, ಒಸಾಕಾದಿಂದ ರೈಲಿನಲ್ಲಿ. ಶಿಜೊ-ಕವಾರಮಾಚಿ ಸರ್ಕಲ್ಲಿನಲ್ಲಿ ಜಾಗ ಹಿಡಿದು ನಿಂತೆ. ತೀರಾ ದೊಡ್ಡ ತೇರುಗಳು ಸುಮಾರು 12 ಟನ್‌ವರೆಗೂ ತೂಗುತ್ತವೆ. ಚಕ್ರಗಳು ನೇರಕ್ಕಷ್ಟೇ ಉರುಳುತ್ತವೆ. ಹಾಗಾದರೆ ಮೂಲೆಯಲ್ಲಿ ತಿರುಗಿಸೋದು ಹೇಗೆ? ಚಕ್ರದಡಿ ಸೀಳಿದ ಬಿದಿರು ಹಾಸುತ್ತಾರೆ, ನೀರು ಸುರಿಯುತ್ತಾರೆ, ಹಗ್ಗ ಹಿಡಿದು ಪಕ್ಕಕ್ಕೆ ಎಳೆಯುತ್ತಾರೆ. ಕರ್ರ್ ಅಂತ ಸದ್ದು ಮಾಡುತ್ತಾ ಸ್ವಲ್ಪ ಜಾರುತ್ತೆ. ಮತ್ತೆ ಬಿದಿರು, ಮತ್ತೆ ನೀರು. ಪೂರ್ತಿ ತಿರುಗಿದಾಗ ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನಗೆ ಬೀಸಣಿಗೆ ಕೊಟ್ಟರು. ಅಷ್ಟು ಸೆಕೆ!

ಇನ್ನೊಂದು ವಿಷಯ. ತೇರುಗಳಿಗೆ ಹೊದಿಸಿದ ಬಟ್ಟೆಗಳನ್ನು ಗಮನಿಸಿ. ಅದರಲ್ಲಿ ನಮ್ಮ ದೇಶದಿಂದ ಹೋದ ಹಳೇ ರತ್ನಗಂಬಳಿಗಳೂ ಇವೆ. ಗಿಯೋನ್ ಅನ್ನೋ ಹೆಸರೇ ಬುದ್ಧ ತಂಗುತ್ತಿದ್ದ ಶ್ರಾವಸ್ತಿಯ ಜೇತವನ ವಿಹಾರದ ಜಪಾನಿ ಹೆಸರಿನಿಂದ ಬಂದದ್ದು. ಇದು ನಿಮ್ಮ ಬರಹದಲ್ಲಿ ಇರಬೇಕಿತ್ತು ಅನ್ನಿಸಿತು.

ರಶ್ ಬೇಡ ಅಂದ್ರೆ 24ಕ್ಕೆ ಹೋಗಿ. ಅವತ್ತೂ ಮೆರವಣಿಗೆ ಇರುತ್ತೆ, ತೇರು ಕಡಿಮೆ, ಜನವೂ ಕಡಿಮೆ. ಟೋಪಿ, ನೀರಿನ ಬಾಟಲಿ ಮರೀಬೇಡಿ. ನಾನು ಎರಡನ್ನೂ ಮರೆತಿದ್ದೆ.