ಕೋಣೆ ಯಾವುದೆಂದು ಕೇಳದೆ ಪರಾದೋರ್ ಬುಕ್ ಮಾಡಬೇಡಿ

ಸ್ಪೇನಿನ ದಕ್ಷಿಣಕ್ಕೆ, ಅಂದರೆ ಆಂದಲೂಸಿಯಾಕ್ಕೆ ಹೊರಟವರಿಗೆ ಹಳೆಯ ಅರಮನೆಯಲ್ಲೋ ಮಠದಲ್ಲೋ ಒಂದೆರಡು ರಾತ್ರಿ ತಂಗುವ ಆಸೆ ಇದ್ದೇ ಇರುತ್ತದೆ. ಇರಲೇಬೇಕು. ಆದರೆ ಫೋಟೊ ನೋಡಿ ಹೋಟೆಲ್ ಆರಿಸಿ, ಕೋಣೆ ಯಾವುದಾದರೂ ಆಗಲಿ ಅಂತ ಬಿಟ್ಟರೆ ಅರ್ಧ ದುಡ್ಡು ನೀರಿನಲ್ಲಿ ಮಾಡಿದ ಹೋಮ. ಹಳೇ ಕಟ್ಟಡದಲ್ಲಿ ಒಂದು ಕೋಣೆಯಂತೆ ಇನ್ನೊಂದು ಇರುವುದಿಲ್ಲ.

ಮೊದಲು ಪರಾದೋರ್‌ಗಳ ಮಾತು. ಇವು ಸ್ಪೇನ್ ಸರ್ಕಾರದ ಹೋಟೆಲುಗಳು. ಮೊದಲನೆಯದು 1928ರಲ್ಲಿ ಗ್ರೇದೋಸ್ ಬೆಟ್ಟದಲ್ಲಿ ಶುರುವಾಯಿತು. ಎಲ್ಲವೂ ಪುರಾತನ ಕಟ್ಟಡಗಳೇ ಅಂದುಕೊಳ್ಳುವುದು ತಪ್ಪು. ಊಬೆದಾದ್ದು ನಿಜವಾದ 16ನೇ ಶತಮಾನದ ಅರಮನೆ, 1930ರಿಂದಲೂ ಪರಾದೋರ್. ಕಾರ್ಮೋನಾದ್ದು ದೊರೆ ಒಂದನೇ ಪೆದ್ರೋನ ಕೋಟೆಯೊಳಗಿದೆ, ಆದರೆ 1504ರ ಭೂಕಂಪದಲ್ಲಿ ಆ ಕೋಟೆ ಬಹಳ ಹಾಳಾಗಿತ್ತು. ಈಗಿನ ಹೋಟೆಲು 1976ರದ್ದು, ಮುದೇಹಾರ್ ಎಂಬ, ಮುಸ್ಲಿಂ ಕುಶಲಕಲೆ ಬೆರೆತ ಸ್ಪೇನಿನ ಹಳೇ ಶೈಲಿಯಲ್ಲಿ ಹೊಸದಾಗಿ ಕಟ್ಟಿದ್ದು. ರೋಂದಾದಲ್ಲಿ ಹಳೇ ಪುರಸಭೆಯ ಮುಂಭಾಗ ಮಾತ್ರ ಹಳೆಯದು, ಒಳಗೆಲ್ಲ ಹೊಸತು. ಹಾಯೆನ್ ಊರಿನದು ಕೋಟೆಯ ಪಕ್ಕದಲ್ಲಿ 1965ರಲ್ಲಿ ಎಬ್ಬಿಸಿದ್ದು. ಹಾಗಂತ ಇವನ್ನು ಬಿಡಿ ಎಂದಲ್ಲ. ಹಳೇ ಗೋಡೆಗಳ ನಡುವೆ ಮಲಗಬೇಕಾದರೆ ಊಬೆದಾಗೆ ಹೋಗಿ. ನೋಟ ಬೇಕಾದರೆ ಕಾರ್ಮೋನಾ, ರೋಂದಾ. ಅಲ್ಲಿ ಬುಕ್ ಮಾಡುವಾಗ 'ಕೋನ್ ವಿಸ್ತಾಸ್', ಅಂದರೆ ನೋಟವಿರುವ ಕೋಣೆ ಎಂದು ಬರೆದು ಕೇಳಲೇಬೇಕು. ರೋಂದಾದಲ್ಲಿ 98 ಮೀಟರ್ ಎತ್ತರದ ಪುವೆಂತೆ ನುವೇವೋ ಸೇತುವೆಯ ಪಕ್ಕದಲ್ಲೇ ಹೋಟೆಲಿದೆ. ಕಮರಿಯ ಕಡೆ ಕಿಟಕಿ ಇಲ್ಲದ ಕೋಣೆ ಸಿಕ್ಕರೆ ಅಲ್ಲಿಗೆ ಹೋಗಿದ್ದೇ ದಂಡ.

ಗ್ರನಾದಾದ ಪರಾದೋರ್ ಅಲ್‌ಹಂಬ್ರದ ಕೋಟೆ-ಅರಮನೆಗಳ ಆವರಣದೊಳಗೇ ಇದೆ. ನಸ್ರಿದ್ ಎಂಬ ಮುಸ್ಲಿಂ ರಾಜವಂಶದ ಅರಮನೆಯೊಂದಿದ್ದ ಜಾಗದಲ್ಲಿ ಎದ್ದ ಫ್ರಾನ್ಸಿಸ್ಕನ್ ಮಠ ಅದು. ರಾಣಿ ಇಸಬೆಲ್, ದೊರೆ ಫೆರ್ನಾಂದೊ ಇಬ್ಬರನ್ನೂ ಮೊದಲು ಹೂಳಿದ್ದು ಇಲ್ಲೇ. 1521ರಲ್ಲಿ ಊರೊಳಗಿನ ರಾಜ ಚಾಪೆಲ್‌ಗೆ ಸಾಗಿಸಿದರು. ಹಗಲಿನ ಜನ ಇಳಿದುಹೋದ ಮೇಲೆ ಆ ತೋಟದ ಮೌನ ನಿಮ್ಮದಾಗುತ್ತದೆ; ಅದಕ್ಕೆ ದುಬಾರಿ ಬೆಲೆ ಕೊಟ್ಟರೂ ನ್ಯಾಯವೇ. ಆದರೆ ಕೋಣೆಯ ಬಾಡಿಗೆಯಲ್ಲಿ ನಸ್ರಿದ್ ಅರಮನೆಗಳ ಟಿಕೆಟ್ ಸೇರಿಲ್ಲ. ಅದು ಪಾಸ್‌ಪೋರ್ಟ್ ಹೆಸರಿಗೆ, ಹೊತ್ತು ಗೊತ್ತುಮಾಡಿ ಕೊಡುವ ಟಿಕೆಟ್, ಬೇಗ ಮುಗಿದುಹೋಗುತ್ತದೆ. ಟಿಕೆಟ್ ಮೊದಲು, ಕೋಣೆ ಆಮೇಲೆ. ಅಷ್ಟು ಖರ್ಚು ಬೇಡವೆಂದರೆ ಹೊರಗಿನವರೂ ಅಲ್ಲಿನ ಕೆಫೆಯಲ್ಲಿ ಕಾಫಿ ಕುಡಿದು ಬರಬಹುದು.

ಸೆವಿಲ್ಯಾ, ಕೋರ್ದೊಬಾಗಳಲ್ಲಿ ಹಳೇ ಮನೆಗಳೇ ಹೋಟೆಲಾಗಿವೆ. ನಮ್ಮ ತೊಟ್ಟಿ ಮನೆ ಕಂಡವರಿಗೆ ಇವುಗಳ ಲೆಕ್ಕಾಚಾರ ತಕ್ಷಣ ಅರ್ಥವಾಗುತ್ತದೆ: ನಡುವೆ ಪಾತಿಯೊ ಎಂಬ ತೆರೆದ ಅಂಗಳ, ಅದರಲ್ಲಿ ಕಾರಂಜಿ, ಕುಂಡಗಳು, ಸುತ್ತ ಕೋಣೆ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅಂಗಳದ ಮೇಲೆ ತೋಲ್ದೋ ಎಂಬ ಕ್ಯಾನ್ವಾಸ್ ಎಳೆಯುತ್ತಾರೆ. ಕೆಳಗೆ ತಂಪು ನಿಲ್ಲುತ್ತದೆ. ತೊಂದರೆ ಸದ್ದಿನದು. ಪಾತಿಯೊ ಕಡೆಯ ಕೋಣೆಗೆ ಬೆಳಿಗ್ಗೆ ತಿಂಡಿಯ ತಟ್ಟೆಗಳ ಶಬ್ದವೆಲ್ಲ ಮೇಲೇರಿ ಬರುತ್ತದೆ, ಬೀದಿ ಕಡೆಯದಕ್ಕೆ ನಡುರಾತ್ರಿಯವರೆಗೂ ತಾಪಾಸ್ ಎಂಬ ಸಣ್ಣ ತಿನಿಸುಗಳ ಬಾರ್‌ನ ಮಾತು. ನಿದ್ದೆ ಹಗುರವಿರುವವರು ಮೇಲಿನ ಮಹಡಿಯಲ್ಲಿ ಪಾತಿಯೊ ಕಡೆಯ ಕೋಣೆ ಕೇಳಿ. ಲಿಫ್ಟ್ ಇದೆಯೇ ಎಂದೂ ಅದೇ ಇಮೇಲ್‌ನಲ್ಲಿ ಕೇಳಿ, ಅಪ್ಪ-ಅಮ್ಮ ಜೊತೆಗಿದ್ದರಂತೂ ಮರೆಯಬೇಡಿ. ಜನವರಿಯಲ್ಲಿ ಹೋಗುವವರು ಹೀಟರ್ ವಿಚಾರಿಸಿ. ಬೇಸಿಗೆಗೆಂದೇ ಕಟ್ಟಿದ ದಪ್ಪ ಗೋಡೆ, ಟೈಲ್ಸ್ ನೆಲ ಚಳಿಯಲ್ಲಿ ಕೊರೆಯುತ್ತವೆ.

ಬಾಡಿಗೆ ಕಾರಿದ್ದರೆ ಇನ್ನೊಂದು ಎಚ್ಚರ. ಗ್ರನಾದಾದ ಅಲ್ಬೈಸಿನ್‌ನಂಥ ಕೇರಿಗಳಲ್ಲಿ ಹೊರಗಿನ ಗಾಡಿಗೆ ನಿರ್ಬಂಧವಿದೆ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ನಿಮ್ಮ ನಂಬರನ್ನು ಹೋಟೆಲಿನವರು ಮುಂಚೆಯೇ ನೋಂದಾಯಿಸದಿದ್ದರೆ ದಂಡದ ಚೀಟಿ ಬಾಡಿಗೆ ಕಂಪನಿಯ ಮೂಲಕ ತಿಂಗಳುಗಳ ನಂತರ ಮನೆಗೆ ಬರಬಹುದು. ಆರ್ಕೋಸ್ ದೆ ಲಾ ಫ್ರೊಂತೆರಾದಲ್ಲಿ ಪರಾದೋರ್ ಇರುವುದು ಬೆಟ್ಟದ ನೆತ್ತಿಯ ಚೌಕದಲ್ಲಿ. ದಾರಿ ಎಷ್ಟು ಕಿರಿದೆಂದರೆ ಕನ್ನಡಿ ಮಡಚಿಕೊಂಡೇ ಹೋಗಬೇಕು. ಕಾರು ಕೆಳಗೆ ಬಿಟ್ಟು ಟ್ಯಾಕ್ಸಿ ಹಿಡಿಯುವುದೇ ಮೇಲು.

ಅರಮನೆಗಿಂತ ಅಗ್ಗದಲ್ಲಿ ಅಪರೂಪದ್ದು ಬೇಕೆಂದರೆ ಗ್ರನಾದಾದಿಂದ ಸುಮಾರು 55 ಕಿ.ಮೀ. ದೂರದ ಗುವಾದಿಕ್ಸ್‌ನ ಗುಹೆಮನೆಗಳಿವೆ. ಮೆದು ಮಣ್ಣಿನ ಗುಡ್ಡ ಕೊರೆದು ಮಾಡಿದ ಕೋಣೆಗಳು, ಒಳಗೆ ವರ್ಷವಿಡೀ 18-20 ಡಿಗ್ರಿ. ಹಿಂದಿನ ಕೋಣೆಗಳಿಗೆ ಕಿಟಕಿ ಇರದು, ಮೊಬೈಲ್ ಸಿಗ್ನಲ್ ಸಿಗುವುದು ಕಷ್ಟ. ಉಬ್ಬಸ ಇರುವವರು ಬಾಗಿಲ ಹತ್ತಿರದ ಕೋಣೆ ಕೇಳುವುದು ಒಳ್ಳೆಯದು.

ಊಟದ್ದೂ ಒಂದು ಮಾತು. ರಾತ್ರಿ ಊಟದ ಕೋಣೆ ಎಂಟೂವರೆಗೆ ಮುಂಚೆ ತೆರೆಯುವುದು ಅಪರೂಪ. ಸಸ್ಯಾಹಾರಿಗಳು ಸಾಲ್ಮೊರೆಹೊ ತರಿಸುವಾಗ 'ಸಿನ್ ಹಾಮೋನ್', ಅಂದರೆ ಹಂದಿಮಾಂಸ ಬೇಡ ಎನ್ನಿ, ಇಲ್ಲದಿದ್ದರೆ ಆ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಹಂದಿಮಾಂಸದ ಚೂರು ಬಂದೇ ಬರುತ್ತದೆ. ಮೊಟ್ಟೆ ತಿನ್ನದವರು 'ಸಿನ್ ಊವೆವೊ' ಅಂತಲೂ ಸೇರಿಸಿ. ಸೆವಿಲ್ಯಾದ ಪಾಲಕ್-ಕಡಲೆಯ ಪಲ್ಯ, ಕೋರ್ದೊಬಾದ ಜೇನು ಸುರಿದ ಕರಿದ ಬದನೆ, ಇವೆರಡು ಸಿಕ್ಕರೆ ಹೊಟ್ಟೆ ತುಂಬುತ್ತದೆ.