ಜಮೀನು ಕಳೆದುಹೋಯಿತು, ಗೇಣಿ ಉಳಿಯಿತು

ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನಲ್ಲಿ ‘ಕಿಂಗ್ಸ್ ರಿಮೆಂಬ್ರೆನ್ಸರ್’ ಎಂಬ ಅಧಿಕಾರಿಯೊಬ್ಬರಿದ್ದಾರೆ. ಕನ್ನಡದಲ್ಲಿ ದೊರೆಯ ನೆನಪುಗಾರ ಎನ್ನಬಹುದು. ಯಾರು ಯಾರು ರಾಜನಿಗೆ ಏನೇನು ಬಾಕಿ ಇಟ್ಟಿದ್ದಾರೆ ಎಂಬುದನ್ನು ಮರೆಯದಿರಲೆಂದೇ ಎರಡನೇ ಹೆನ್ರಿ 1154ರಲ್ಲಿ ಹುಟ್ಟುಹಾಕಿದ ಹುದ್ದೆಯಿದು. ಮರೆಯದೇ ಇರುವುದಕ್ಕೂ ಸಂಬಳವೇ ಎಂದು ಹುಬ್ಬೇರಿಸಬೇಡಿ. ಬಾಕಿ ಎಂಬ ಪದ ಕಿವಿಗೆ ಬಿದ್ದರೆ ಯಾವ ಸರ್ಕಾರಕ್ಕೂ ನಿದ್ರೆ ಬರುವುದಿಲ್ಲ.

ಪ್ರತಿ ವರ್ಷ ಶರತ್ಕಾಲದಲ್ಲಿ ಲಂಡನ್ ನಗರಾಡಳಿತದ ವಕೀಲರು ಈ ಅಧಿಕಾರಿಯ ಮುಂದೆ ಹಾಜರಾಗಿ ಗೇಣಿ ಒಪ್ಪಿಸುತ್ತಾರೆ. ಶ್ರಾಪ್‌ಶೈರ್ ಪ್ರಾಂತ್ಯದ ‘ದಿ ಮೂರ್ಸ್’ ಎಂಬ ಸುಮಾರು 180 ಎಕರೆ ಜಮೀನಿಗೆ 1211ರ ಕಾಲದಿಂದಲೂ ಗೊತ್ತಾದ ಗೇಣಿ ಎರಡು ಕತ್ತಿ: ಒಂದು ಹರಿತ, ಇನ್ನೊಂದು ಮೊಂಡು. ಈಗ ಹರಿತದ ಕೊಡಲಿ, ಮೊಂಡು ಮಚ್ಚು ತರುತ್ತಾರೆ. ತಂದಿಟ್ಟರೆ ಸಾಲದು, ತುಂಬಿದ ಕೋರ್ಟಿನಲ್ಲಿ ಕಡ್ಡಿಗೆ ಹೊಡೆದು ತೋರಿಸಬೇಕು. ಕೊಡಲಿ ಕಡಿಯಬೇಕು, ಮಚ್ಚು ಕಡಿಯಬಾರದು. ಕೆಲಸಕ್ಕೆ ಬಾರದ ಸರಕು ನಿಜಕ್ಕೂ ಕೆಲಸಕ್ಕೆ ಬರುವುದಿಲ್ಲ ಎಂದು ಖಾತ್ರಿಪಡಿಸಿಕೊಂಡು ಸ್ವೀಕರಿಸುವ ಕಚೇರಿ ಬೇರೆಲ್ಲಿ ಸಿಕ್ಕೀತು! ಉಳಿದ ಕಡೆ ಅಂಥದ್ದನ್ನು ಪರೀಕ್ಷೆಯಿಲ್ಲದೆಯೇ ತೆಗೆದುಕೊಳ್ಳುತ್ತಾರೆ.

ಇಷ್ಟೆಲ್ಲ ಆದ ಮೇಲೆ ಜಮೀನು ಎಲ್ಲಿದೆ ಎಂದು ಕೇಳಬಾರದು. ಯಾರಿಗೂ ಗೊತ್ತಿಲ್ಲ. ನೆನಪುಗಾರರು ಗೇಣಿಯನ್ನು ಎಂಟು ಶತಮಾನ ನೆನಪಿಟ್ಟುಕೊಂಡರು, ಹೊಲವನ್ನು ಮರೆತರು. 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ, ಅಡಿ ಅಂಗುಲ ಬಿಡದೆ ನಮ್ಮ ನೆಲ ಅಳೆದ ವಿಲಿಯಂ ಲ್ಯಾಂಬ್ಟನ್ ಇದೇ ಇಂಗ್ಲೆಂಡಿನವರು. ಆ ಸರಪಳಿಯನ್ನು ಮೊದಲು ಶ್ರಾಪ್‌ಶೈರಿಗೆ ಕಳುಹಿಸಿದ್ದರೆ ಒಂದು ಹೊಲವಾದರೂ ಸಿಗುತ್ತಿತ್ತೇನೋ.

ಎರಡನೆಯ ಗೇಣಿಯದು ಇನ್ನೂ ಸೊಗಸು. 1235ರಲ್ಲಿ ವಾಲ್ಟರ್ ಎಂಬ ಕಮ್ಮಾರನೊಬ್ಬ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಬಳಿ ಕುಲುಮೆ ಹಾಕಿಕೊಂಡಿದ್ದ. ಪಕ್ಕದಲ್ಲೇ ಟೆಂಪ್ಲರ್ ಎಂಬ ಕ್ರೈಸ್ತ ಪಂಥದ ಯೋಧರು ಕುದುರೆಯೇರಿ ಈಟಿ ಹಿಡಿದು ಸೆಣಸುವ ಬಯಲು. ಹಾಗಾಗಿ ಅವನ ಬಾಡಿಗೆ ಆರು ಲಾಳ ಮತ್ತು 61 ಮೊಳೆ: ಲಾಳಕ್ಕೆ ಹತ್ತರಂತೆ ಅರವತ್ತು, ಮೇಲೊಂದು. ಕಮ್ಮಾರ ಹೋದ, ಯೋಧರು ಹೋದರು, ಕುದುರೆಗಳು ಹೋದವು, ಕುಲುಮೆಯ ಗುರುತೂ ಉಳಿಯಲಿಲ್ಲ. ಬಾಡಿಗೆ ಮಾತ್ರ ಗಟ್ಟಿಪಿಂಡ.

ಈಗಲೂ ಚೌಕಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮೊಳೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಇಂಗ್ಲೆಂಡಿನ ಖಜಾನೆಗೆ ‘ಎಕ್ಸ್‌ಚೆಕರ್’ ಎಂಬ ಹೆಸರು ಬಂದದ್ದೇ ಇಂಥ ಬಟ್ಟೆಯಿಂದ. ಲಕ್ಷಾಂತರ ಕೋಟಿ ಪೌಂಡ್ ಸಾಲವಿರುವ ದೇಶ 61 ಮೊಳೆಗಾಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಕೊನೆಗೆ ಅಧಿಕಾರಿ ಗಂಭೀರವಾಗಿ, ಎಣಿಕೆ ಸರಿಯಿದೆ ಎಂದು ಘೋಷಿಸುತ್ತಾರೆ. ಸಾಲದ ಲೆಕ್ಕವನ್ನೂ ಅದೇ ಬಟ್ಟೆಯ ಮೇಲೆ ಹರಡಬಹುದಲ್ಲ ಎಂದು ಯಾರಿಗೂ ಹೊಳೆದಂತಿಲ್ಲ.

ಈ ಲಾಳಗಳಾದರೂ ಹೊಸದಾಗಿ ಬಡಿದವೇ? ಎಲ್ಲಿಯದು! ನೂರಾರು ವರ್ಷಗಳಿಂದ ಅವೇ ಆರು. ಈ ವರ್ಷ ಸಂದಾಯವಾದವು ನೆನಪುಗಾರರ ಕಚೇರಿಯಲ್ಲೇ ಉಳಿಯುತ್ತವೆ. ಮುಂದಿನ ವರ್ಷ ಗೇಣಿ ಕಟ್ಟಲು ನಗರಾಡಳಿತ ಅವನ್ನೇ ಆ ಕಚೇರಿಯಿಂದ ಎರವಲು ತರುತ್ತದೆ.